ಸೇತುವೆ ಕೈ

ನನ್ನ ಕೈಯನ್ನು ಹಿಡಿಯದವರು ನಮ್ಮ ಊರಿನಲ್ಲಿ ಕಡಿಮೆ. ಹೆಣ್ಣು ನೋಡಲು ಹೊರಟ ಹುಡುಗರು ಹಿಡಿದಿದ್ದಾರೆ, ಆಸ್ಪತ್ರೆಗೆ ಹೊರಟ ಮುದುಕರು ಹಿಡಿದಿದ್ದಾರೆ, ನನ್ನನ್ನು ಕಂಡರಾಗದ ದೊಡ್ಡಮ್ಮನ ಮಗಳೂ ಮುಖವನ್ನು ಆ ಕಡೆ ತಿರುಗಿಸಿಕೊಂಡು ಹಿಡಿದಿದ್ದಾಳೆ. ಹೊಳೆಯ ಮೇಲಿನ ಸೇತುವೆಯನ್ನು ನಮ್ಮಲ್ಲಿ ಯಾರಿಗೂ ಒಬ್ಬರೇ ದಾಟಲಾಗುವುದಿಲ್ಲ. ಒಂಟಿಯಾಗಿ ಹೋದವರ ಕಾಲು ನಡುಗಂಬದ ಹತ್ತಿರ ಮೇಲೇಳುವುದಿಲ್ಲ, ಗಾಡಿಯಾದರೆ ಇಂಜಿನ್ ನಿಂತುಬಿಡುತ್ತದೆ. ಹಿಂದಕ್ಕೆ ತಿರುಗಿದರೆ ಏನೂ ತೊಂದರೆಯಿಲ್ಲ. ಮುಂದಕ್ಕೆ ಹೋಗಬೇಕೆಂದರೆ ಇಬ್ಬರಿರಬೇಕು, ಒಬ್ಬರ ಮೈ ಇನ್ನೊಬ್ಬರಿಗೆ ತಾಗಿರಬೇಕು. ನಾಯಿ, ಮೇಕೆ ಲೆಕ್ಕಕ್ಕಿಲ್ಲ. ಹೆಣವೂ ಇಲ್ಲ. ಹೊಟ್ಟೆಯಲ್ಲಿರುವ ಕೂಸು ದಿನ ತುಂಬುತ್ತಾ ಬಂದ ಮೇಲೆ ಲೆಕ್ಕಕ್ಕೆ ಬರುತ್ತದೆ ಎಂದು ಸೂಲಗಿತ್ತಿಯರು ಹೇಳುತ್ತಾರೆ. ಹಾಗೆ ದಾಟಿದ ಬಸುರಿಯರನ್ನು ನಾನೇ ಕಂಡಿದ್ದೇನೆ. ಕೋರ್ಟು ಆಚೆ ದಡದಲ್ಲಿರುವುದರಿಂದ ಬೇರೆಯಾಗಲು ಹೊರಟ ಗಂಡ ಹೆಂಡತಿ ಕೈ ಹಿಡಿದುಕೊಂಡೇ ಹೋಗುತ್ತಾರೆ, ಬೇರೆಯಾದ ಮೇಲೆ ಕೈ ಹಿಡಿದುಕೊಂಡೇ ವಾಪಸು ಬರುತ್ತಾರೆ. ಅಂಚೆಯವನ ಹೆಂಡತಿಗೆ ಮದುವೆಯಾದ ದಿನದಿಂದ ಸಂಬಳವಿಲ್ಲದ ಅಂಚೆ ಕೆಲಸ.

ಈ ಹಿಡಿತವನ್ನು ನಮ್ಮಲ್ಲಿ ಸೇತುವೆ ಕೈ ಎನ್ನುತ್ತಾರೆ. ಅದಕ್ಕೆ ಅರ್ಥ ಕಟ್ಟುವ ಹಾಗಿಲ್ಲ. ಯಾರ ಗಂಡ ಯಾರ ಹೆಂಡತಿಯ ಕೈ ಹಿಡಿದು ದಾಟಿದರೂ ಕೇಳಬಾರದು. ಕೇಳಿದವರನ್ನು ಜನ ಎಂಜಲು ಕೈಯಲ್ಲಿ ಬಡಿಸಲು ಬಂದವರನ್ನು ನೋಡುವ ಹಾಗೆ ನೋಡುತ್ತಾರೆ. ಹೀಗಾಗಿ ನಮ್ಮ ಊರಿನವರು ಹೊಟ್ಟೆಕಿಚ್ಚನ್ನು ಕೆಟ್ಟ ಕಾಯಿಲೆಯ ಹಾಗೆ ಮುಚ್ಚಿಟ್ಟುಕೊಂಡು ಬದುಕುತ್ತಾರೆ. ನಾನು ಸೇತುವೆಯ ಬುಡದ ಜೊತೆಕಟ್ಟೆಯ ಮೇಲೆ ಕೂರುವವಳು. ಜೊತೆ ಸಿಗದವರು ಬಂದು ಕೂಲಿ ಕೊಟ್ಟು ನಮ್ಮನ್ನು ಕರೆದುಕೊಂಡು ಹೋಗುತ್ತಾರೆ. ನನ್ನ ಸೋದರತ್ತೆ ಕೂರುತ್ತಿದ್ದ ಜಾಗದಲ್ಲೇ ನಾನೂ ಕೂರುತ್ತಿದ್ದೆ. ವಯಸ್ಸು ಮೂವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಊರಿನ ಕೈಗಳನ್ನೆಲ್ಲ ಹಿಡಿದು ಹಿಡಿದು, ಬೆವರಿನಿಂದಲೇ ಮನುಷ್ಯರ ಮೇಲೆ ಬೇಸರ ಬಂದಿತ್ತು.

ಆಗ ಊರಿನಲ್ಲಿ ಕಾಡುಕೋಣ ಕ್ಲಬ್ಬಿನವರ ಹಾವಳಿ. ಕರೀ ಅಂಗಿ, ಬೆನ್ನಿನ ಮೇಲೆ ಬಿಳೀ ದಾರದಲ್ಲಿ ಕಸೂತಿ ಮಾಡಿಸಿದ ಕೋಣದ ತಲೆ, ದೂರದಿಂದಲೇ ಎದೆ ಗುದ್ದುವ ಬುಲೆಟ್ಟುಗಳು. ಹಳೇ ಟೈರಿನ ಅಂಗಡಿಯೊಂದು ಅವರ ಠಾಣೆ, ಪಾಪಣ್ಣ ಎಂಬ ದಪ್ಪ ಮನುಷ್ಯ ಅವರ ಯಜಮಾನ. ಈಚೆ ದಡದಲ್ಲಿ ಹೆಂಡ ಮಾರುವ ಹಾಗಿರಲಿಲ್ಲ, ಆಚೆ ದಡದಲ್ಲಿ ಹರಿಯುತ್ತಿತ್ತು. ಅದನ್ನು ಕ್ಯಾನುಗಳಲ್ಲಿ ತುಂಬಿ ಈಚೆಗೆ ತರುವುದು ಅವರ ಕಸುಬು. ಒಂದು ಗಾಡಿಯ ಮೇಲೆ ಇಬ್ಬರು ಗಂಡಸರು ಬಂದರೆ, ಹೆಂಡ ತಡೆಯಲು ಈಚೆ ತುದಿಯಲ್ಲಿ ಹಾಕಿದ್ದ ನಾಕಾದವರು ನಿಲ್ಲಿಸಿ ತಡಕುತ್ತಿದ್ದರು. ಹಿಂದೆ ಹೆಂಗಸು ಕೂತಿದ್ದರೆ ಸಂಸಾರಸ್ಥರೆಂದು ಬಿಟ್ಟುಬಿಡುತ್ತಿದ್ದರು.

ಚೆಲುವರಾಜ ಮೊದಲ ಸಲ ಬಂದಾಗ ಗಾಡಿಯನ್ನು ಕಟ್ಟೆಗೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದ. ಹೆಸರಿಗೆ ಚೆಲುವ, ಮುಖದ ಒಂದು ಪಕ್ಕ ಹುಬ್ಬಿನಿಂದ ದವಡೆಯವರೆಗೆ ಹೊಲಿಗೆಯ ಗುರುತು. "ಇಂದ್ರಾಣಿ ಅಂದ್ರೆ ನೀನೇನಾ? ಹತ್ತು" ಅಂದ. "ಹತ್ತು ಅಂದ್ರೆ ಹತ್ತೋಕೆ ನಾನೇನು ನೀನು ಕಟ್ಕೊಂಡೋಳಾ? ಬನ್ನಿ ಅನ್ನು" ಅಂದೆ. ಅವನು ಇಂಜಿನ್ ಆರಿಸಿದ. ಕೆಳಗಿಳಿದು ನಿಂತ. "ಬನ್ನಿ" ಅಂದ. ಆ ಒಂದು ಮಾತಿಗೆ ನಾನು ಬಿದ್ದೆನೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಬಿದ್ದದ್ದು ಅಲ್ಲೇ.

ವಾಪಸು ಬರುವಾಗ ನಮ್ಮಿಬ್ಬರ ನಡುವೆ ಗೋಣಿಚೀಲದಲ್ಲಿ ಸುತ್ತಿದ ಕ್ಯಾನು. ನಾನು ಗಂಡಸರಂತೆ ಎರಡೂ ಕಡೆ ಕಾಲು ಹಾಕಿ ಕೂತು ಸೆರಗನ್ನು ಅದರ ಮೇಲೆ ಹರಡಿಕೊಂಡು, ಒಂದು ಕೈಯನ್ನು ಅವನ ಭುಜದ ಮೇಲೆ ಇಟ್ಟಿದ್ದೆ. ನಾಕಾದಲ್ಲಿ ದೇವಯ್ಯ ಎಂಬ ಕಾವಲಿನವನು ಕೈ ಅಡ್ಡ ಹಿಡಿದ. "ಎಲ್ಲಿಂದಪ್ಪಾ?" "ನಮ್ಮನೇವಳ ತವರಿಂದ ಸಾರ್" ಅಂದ ಚೆಲುವ. ದೇವಯ್ಯ ನನ್ನನ್ನು ನೋಡಿ, "ತವರಲ್ಲಿ ಎಲ್ಲಾ ಚೆನ್ನಾಗಿದಾರೇನಮ್ಮಾ?" ಎಂದು ಕೇಳಿದ. ನನಗೆ ತವರೂ ಇರಲಿಲ್ಲ, ಮನೆಯವನೂ ಇರಲಿಲ್ಲ. "ಹೂಂ ಅಣ್ಣಾ, ಎಲ್ಲಾ ಚೆನ್ನಾಗಿದಾರೆ" ಅಂದೆ.

ಆಮೇಲಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೈರಿನ ಅಂಗಡಿಯ ಹಿಂದೆ ಅವನದೊಂದು ಕೋಣೆ. ಸುಟ್ಟ ರಬ್ಬರಿನ ವಾಸನೆ, ಎಣ್ಣೆಯ ಬಟ್ಟೆ, ಒಂದು ಚಾಪೆ. ಅವನ ಮುಷ್ಟಿಯ ಗೆಣ್ಣುಗಳ ಮೇಲೆ ಬೇರೆಯವರ ಹಲ್ಲಿನ ಗುರುತುಗಳಿದ್ದವು. ಅವಕ್ಕೆ ಅರಿಶಿನ ಹಚ್ಚುವಾಗ ಯಾರ ಹಲ್ಲು ಎಂದು ನಾನು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ. ಆಚೆ ದಡ ಸೇರಿದ ಮೇಲೂ ನಾವು ಸುಮ್ಮನೆ ಮುಂದಕ್ಕೆ ಹೋಗುತ್ತಿದ್ದೆವು, ಜೋಳದ ಹೊಲಗಳ ನಡುವೆ, ಯಾರಿಗೂ ಬೇಡದ ದಾರಿಗಳಲ್ಲಿ. ಅವನ ಗಾಡಿ ಒಮ್ಮೆ ಉರುಳಿ ಸೈಲೆನ್ಸರ್ ಮೇಲಕ್ಕೆ ಬಾಗಿತ್ತು, ತಂತಿಯಲ್ಲಿ ಬಿಗಿದಿದ್ದ. ಅಂಥ ಒಂದು ದೂರದ ದಾರಿಯಲ್ಲಿ ನನ್ನ ಬಲಗಾಲಿನ ಮೀನಖಂಡ ಸುಟ್ಟು, ಓರೆಯಾದ ಚಂದ್ರನಂಥ ಕಲೆಯಾಯಿತು. ಅದನ್ನು ನಾನು ತಾಳಿಯನ್ನು ಮುಟ್ಟಿ ನೋಡಿಕೊಳ್ಳುವವರ ಹಾಗೆ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಒಂದೇ ಒಂದು ಕೊರತೆಯಿತ್ತು. ದಿನವಿಡೀ ನಾನು ಯಾರ ಯಾರ ಕೈ ಹಿಡಿದರೂ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. "ಇವತ್ತು ಆ ಎಣ್ಣೆ ಗಾಣದೋನು ಎರಡು ಸಲ ಕರ್ಕೊಂಡು ಹೋದ" ಎಂದು ಬೇಕೆಂದೇ ಹೇಳುತ್ತಿದ್ದೆ. "ಒಳ್ಳೇದಾಯ್ತು ಬಿಡು" ಅನ್ನುತ್ತಿದ್ದ. ಊರಿನ ಸಭ್ಯತೆ ಅವನಿಗೂ ಇತ್ತು. ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ನನ್ನ ಆಸೆ.

ಹಿಟ್ಟಿನ ಗಿರಣಿಯ ಪಕ್ಕದಲ್ಲಿ ವನಮಾಲ ಎಂಬವಳ ಹೊಲಿಗೆ ಅಂಗಡಿ. ನನಗಿಂತ ಚಿಕ್ಕವಳು, ಗಂಡ ಸತ್ತಿದ್ದ. ಕ್ಲಬ್ಬಿನವರ ಅಂಗಿಗಳ ಮೇಲಿನ ಕೋಣಗಳೆಲ್ಲ ಅವಳ ಕೈಯವೇ. ಒಂದು ದಿನ ರವಿಕೆಯ ಬಟ್ಟೆ ಕೊಡಲು ಹೋದೆ. ಅವಳು ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಮಷೀನು ತುಳಿಯುತ್ತಿದ್ದಳು. ಬಲಗಾಲಿನ ಮೀನಖಂಡದ ಮೇಲೆ ಟೂತ್‌ಪೇಸ್ಟ್ ಬಳಿದಿತ್ತು. ಬಿಳಿಯ ಪಟ್ಟಿ ಒಣಗಿ ಬಿರುಕು ಬಿಟ್ಟಿದ್ದಲ್ಲಿ ಕೆಂಪಗೆ ಓರೆ ಚಂದ್ರ ಕಾಣುತ್ತಿತ್ತು. ನನಗೆ ಗಿರಣಿಯ ಸದ್ದು ಕೇಳಿಸದಂತಾಯಿತು.

"ಕಾಲಿಗೇನಾಯ್ತು?" ಅಂದೆ. "ಗಾಡಿ ತಾಗ್ತು ಅಕ್ಕಾ." "ಯಾರ ಗಾಡಿ?" ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. "ಯಾರದೋ. ಸೇತುವೆ ದಾಟ್ಸಿದ್ರು" ಅಂದಳು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದಳು. ಟೇಪು ಹಿಡಿದು ನನ್ನ ಎದೆಯ ಅಳತೆ ತೆಗೆದು, ಬರೆದುಕೊಳ್ಳುವುದನ್ನು ಮರೆತು ಮತ್ತೊಮ್ಮೆ ತೆಗೆದಳು. ಅವಳಿಗೂ ನನ್ನ ವಿಷಯ ಗೊತ್ತಿತ್ತು.

ನಾನು ನೇರ ಟೈರಿನ ಅಂಗಡಿಗೆ ಹೋದೆ. ಅಲ್ಲಿ ಬಿದ್ದಿದ್ದ ಸರಳನ್ನು ಎತ್ತಿಕೊಂಡು ಅವನ ಗಾಡಿಯ ಹೆಡ್‌ಲೈಟಿಗೆ ಬೀಸಿದೆ. ಗಾಜು ಚೂರಾಯಿತು. ಕ್ಲಬ್ಬಿನವರು ಹೋ ಎಂದು ಕೂಗಿಕೊಂಡು ಬಂದರು. ಚೆಲುವ ನನ್ನ ರಟ್ಟೆ ಹಿಡಿದು ಕೋಣೆಯೊಳಕ್ಕೆ ಎಳೆದುಕೊಂಡು ಹೋದ. "ಹುಚ್ಚು ಹಿಡೀತೇನೇ ನಿಂಗೆ?" "ವನಮಾಲನ್ನ ಯಾಕೆ ಕೂರಿಸ್ಕೊಂಡೆ?" "ನೀನು ಸಿಗಲಿಲ್ಲ, ಕೂರಿಸ್ಕೊಂಡೆ. ಸೇತುವೆ ಕೈ ಕಣೇ. ಕಟ್ಟೆ ಮೇಲೆ ಕೂರೋಳು ನೀನು, ನಿಂಗೆ ಹೇಳಿಕೊಡಬೇಕಾ?" "ಸೇತುವೆ ಎಷ್ಟುದ್ದ ಇದೆ? ಅಷ್ಟರಲ್ಲಿ ಸೈಲೆನ್ಸರು ಬೆಚ್ಚಗೂ ಆಗಲ್ಲ. ಕಾಲು ಸುಟ್ಕೋಬೇಕಾದ್ರೆ ಜೋಳದ ಹೊಲ ದಾಟಿ ಹೋಗಿರಬೇಕು."

ಅವನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಗೋಡೆಗೆ ಒರಗಿ ಬೀಡಿ ಹಚ್ಚಿದ. "ಅವಳು ಏನೂ ಕೇಳಲ್ಲ ಇಂದ್ರಾಣಿ. ನೀನು ಕೇಳ್ತೀಯ" ಅಂದ. ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅಷ್ಟಾದರೂ ನಾನು ಅವನನ್ನು ಬಿಡಲಿಲ್ಲ. ಬಿಡುವುದು ನನ್ನ ಕೈಯಲ್ಲಿರಲಿಲ್ಲ. ವನಮಾಲಳನ್ನು ನೋಡದೆ ಇರುವುದೂ ನನ್ನಿಂದಾಗಲಿಲ್ಲ. ಇಲ್ಲದ ನೆವ ಹುಡುಕಿ ರವಿಕೆ ಹೊಲಿಸಲು ಹೋಗುತ್ತಿದ್ದೆ. ಮಷೀನಿನ ಮೇಲೆ ಹೊಸ ಹೂವಿದ್ದರೆ ಯಾರು ತಂದದ್ದು, ಅವಳ ಕುತ್ತಿಗೆಯ ಹತ್ತಿರ ಕೆಂಪಗಿದ್ದರೆ ಸೊಳ್ಳೆಯೋ ಮತ್ತೇನೋ, ಅವಳು ಗುನುಗಿದರೆ ಏಕೆ ಗುನುಗಿದಳು. ಮನೆಯ ಪೆಟ್ಟಿಗೆ ಹಾಕಿಕೊಳ್ಳದ ರವಿಕೆಗಳಿಂದ ತುಂಬಿತು. ಕಟ್ಟೆಯ ಮೇಲೆ ಯಾರ ಕೈ ಹಿಡಿದರೂ ಅದು ಅವಳ ಕೈ ಎಂಬಂತೆ ಹಿಂಡುತ್ತಿದ್ದೆ. "ಏನಮ್ಮಾ, ಬೆರಳು ಮುರೀತೀಯಾ?" ಎಂದು ಶಾಲೆಯ ಮೇಷ್ಟ್ರು ಒಮ್ಮೆ ನಡುಸೇತುವೆಯಲ್ಲೇ ಕೂಗಿದರು. ಕಟ್ಟೆಯ ಹೆಂಗಸರು ನನ್ನಿಂದ ಸ್ವಲ್ಪ ದೂರ ಸರಿದು ಕೂರತೊಡಗಿದರು. ಇವಳಿಗೆ ಆ ಕಾಯಿಲೆ ಬಂದಿದೆ ಎಂದು ಎಲ್ಲರಿಗೂ ತಿಳಿದುಹೋಗಿತ್ತು.

ಬೇಸಿಗೆಯ ಒಂದು ಸಂಜೆ ನಾಕಾದಲ್ಲಿ ಹೊಡೆದಾಟವಾಯಿತು. ಚೆಲುವ ಆ ದಿನ ಪಾಪಣ್ಣನ ತಮ್ಮನನ್ನು ಹಿಂದೆ ಕೂರಿಸಿಕೊಂಡು ಬಂದಿದ್ದ. ದೇವಯ್ಯ ನಿಲ್ಲಿಸಿದ, ಕ್ಯಾನು ಹಿಡಿದೆಳೆದ. ಚೆಲುವ ಗಾಡಿಯ ಚೈನು ಬೀಸಿದ. ದೇವಯ್ಯನ ಒಂದು ಕಣ್ಣು ಹೋಯಿತು. ನನ್ನ ತವರಿನವರ ಯೋಗಕ್ಷೇಮ ಕೇಳಿದ ಮನುಷ್ಯ ಅವನು. ಸುದ್ದಿ ಕೇಳಿದಾಗ ನನಗೆ ಚೆಲುವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಅದರ ಜೊತೆಗೇ, ಅವನೀಗ ಎಲ್ಲಿ ಅಡಗಿದ್ದಾನೆ, ಯಾರ ಮನೆಯಲ್ಲಿ, ವನಮಾಲಳ ಮನೆಯಲ್ಲೋ ಎಂಬ ಯೋಚನೆಯೂ ಬಂತು. ನಾನು ಎಂಥವಳೆಂದು ಆಗ ಗೊತ್ತಾಯಿತು.

ಮರುದಿನ ಬೆಳಗ್ಗೆ ಪಾಪಣ್ಣನೂ ಉಳಿದವರೂ ಜೋಡಿಜೋಡಿಯಾಗಿ ಸೇತುವೆ ದಾಟಿ ಓಡಿಹೋದರು. ಬೆಸವಾಗಿ ಉಳಿದವನು ಚೆಲುವ ಒಬ್ಬನೇ. ಕೋಣದವರಿಗೆ ಜೊತೆ ಕೊಟ್ಟರೆ ಜೈಲು ಎಂದು ಪೊಲೀಸರು ಕಟ್ಟೆಗೆ ಬಂದು ಹೇಳಿಹೋದರು. ಮಧ್ಯಾಹ್ನ ಪೊಲೀಸರೂ ನಾಕಾದವರೂ ಟೈರಿನ ಅಂಗಡಿಯನ್ನು ಕಿತ್ತು ಹುಡುಕುತ್ತಿದ್ದಾಗ, ಚಹಾ ಅಂಗಡಿಯ ರಾಚವ್ವ ಮನೆಗೆ ಬಂದು ನನ್ನ ಕಿವಿಯ ಹತ್ತಿರ ಬಾಗಿ, "ಹುಣಸೆ ಮರದ ಹತ್ರ ಬರಬೇಕಂತೆ. ಬೇಗ" ಅಂದಳು.

ನಾನು ಓಡಿದೆ. ಚಪ್ಪಲಿ ಕಿತ್ತುಹೋಯಿತು, ಬಿಟ್ಟು ಓಡಿದೆ. ಅವನ ಮೇಲಿನ ಅಸಹ್ಯವೆಲ್ಲ ಎಲ್ಲಿ ಹೋಯಿತೋ. ಊರಿನಲ್ಲಿ ಇಷ್ಟು ಜನರಿದ್ದರೂ ಅವನು ಕರೆದದ್ದು ನನ್ನನ್ನು, ಅವಳನ್ನಲ್ಲ, ಎಂದು ಎದೆ ಕುಣಿಯುತ್ತಿತ್ತು. ಸೇತುವೆಯ ಬುಡಕ್ಕೆ ತಿರುಗುವಲ್ಲಿ, ಹುಣಸೆ ಮರದ ಹತ್ತಿರ ನೋಡಿದರೆ, ಗಿರಣಿಯ ಓಣಿಯಿಂದ ವನಮಾಲ ಓಡಿ ಬರುತ್ತಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಅವಳ ಮುಖದಲ್ಲೂ ಅದೇ ಬೆಳಕಿತ್ತು. ನನ್ನನ್ನು ಕಂಡೊಡನೆ ಅದು ಆರಿತು.

ಚೆಲುವ ಗಾಡಿಯ ಮೇಲೆ ಕೂತಿದ್ದ. ಇಂಜಿನ್ ಓಡುತ್ತಿತ್ತು. ಹಿಂದಿನ ಸೀಟಿನ ಅರ್ಧಕ್ಕೆ ಅವನ ಬಟ್ಟೆಯ ಮೂಟೆ ಬಿಗಿದಿತ್ತು. ಉಳಿದದ್ದು ಒಬ್ಬರ ಜಾಗ. ಅವನು ನಮ್ಮಿಬ್ಬರನ್ನೂ ನೋಡಲಿಲ್ಲ. ನೋಡುತ್ತಿದ್ದದ್ದು ನಮ್ಮ ಬೆನ್ನ ಹಿಂದಿನ ರಸ್ತೆಯನ್ನು.

"ಯಾರಾದ್ರೂ ಒಬ್ಬಳು ಹತ್ತ್ರೇ! ಬೇಗ!" ಅಂದ.

ನಾನು ಒಂದು ಹೆಜ್ಜೆ ಇಟ್ಟೆ. ಅವಳೂ ಇಟ್ಟಳು. ನಾನು ಅವಳ ಮಣಿಕಟ್ಟು ಹಿಡಿದೆ, ಅವಳು ನನ್ನದನ್ನು ಹಿಡಿದಳು. ಅವಳ ಉಗುರು ನನ್ನ ಚರ್ಮದೊಳಗೆ ಇಳಿಯುತ್ತಿತ್ತು, ನನ್ನದು ಅವಳದರೊಳಗೆ. ಅವನು ಹೋದರೆ ಹೋಗಲಿ, ಸಿಕ್ಕಿಬಿದ್ದರೆ ಬೀಳಲಿ, ಇವಳು ಮಾತ್ರ ಆ ಸೀಟಿನ ಮೇಲೆ ಕೂರಬಾರದು. ನನ್ನ ತಲೆಯಲ್ಲಿದ್ದದ್ದು ಅಷ್ಟೇ. ಅವಳ ತಲೆಯಲ್ಲೂ ಅಷ್ಟೇ ಎಂದು ಅವಳ ಹಿಡಿತವೇ ಹೇಳುತ್ತಿತ್ತು. "ಏನ್ರೇ ಇದು? ಥೂ ನಿಮ್ಮ!" ಎಂದು ಕೂಗಿ ಅವನು ಒಬ್ಬನೇ ಗಾಡಿ ಬಿಟ್ಟ.

ನಡುಗಂಬದ ಹತ್ತಿರ ಇಂಜಿನ್ ನಿಂತಿತು. ಒದ್ದ, ಮತ್ತೆ ಒದ್ದ. ಇಳಿದು ತಳ್ಳಿದ. ಕಾಲು ಏಳಲಿಲ್ಲ. ಹಿಂದಕ್ಕೆ ತಿರುಗಿ ನಮ್ಮನ್ನು ಕರೆದ, ಒಮ್ಮೆ ನನ್ನ ಹೆಸರು, ಒಮ್ಮೆ ಅವಳದು, ಮತ್ತೆ ನನ್ನದು. ನಡುಗಂಬದವರೆಗೆ ಒಂಟಿಯಾಗಿ ಯಾರು ಬೇಕಾದರೂ ಹೋಗಬಹುದು. ನಮ್ಮಲ್ಲಿ ಒಬ್ಬಳು ಇನ್ನೊಬ್ಬಳ ಕೈ ಬಿಟ್ಟಿದ್ದರೆ ಅವನು ಆಚೆ ದಡ ಸೇರುತ್ತಿದ್ದ. ನಾನು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಪೊಲೀಸರು ಬಂದರು. ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಇಬ್ಬಿಬ್ಬರಾಗಿ ಕೈ ಕೈ ಹಿಡಿದುಕೊಂಡು, ಶಾಲೆಯ ಮಕ್ಕಳ ಸಾಲಿನ ಹಾಗೆ ನಮ್ಮ ಪಕ್ಕದಲ್ಲೇ ಸೇತುವೆ ಹತ್ತಿಹೋಗಿ ಅವನನ್ನು ಹಿಡಿದರು.

ಜೈಲೂ ಆಚೆ ದಡದಲ್ಲಿತ್ತು. ಹುಣಸೆ ಮರದ ಹತ್ತಿರ ನಡೆದದ್ದನ್ನು ಊರೆಲ್ಲ ಕಂಡಿತ್ತು. ಗಂಡಸಿಗಾಗಿ ಬೀದಿಯಲ್ಲಿ ನಿಂತು ಹೊಟ್ಟೆಕಿಚ್ಚು ತೋರಿಸಿಕೊಂಡವರು ಎಂದು ನಮ್ಮಿಬ್ಬರಿಗೂ ಕೈ ಕೊಡುವವರು ಇಲ್ಲವಾದರು. ಕಟ್ಟೆಯ ಮೇಲೆ ಕೂತರೂ ನನ್ನನ್ನು ಕರೆಯುವವರಿಲ್ಲ. ಭೇಟಿಯ ಮೊದಲ ದಿನ ಬುತ್ತಿ ಹಿಡಿದು ಸೇತುವೆಯ ಬುಡದಲ್ಲಿ ಬೇಡಿಕೊಳ್ಳುತ್ತಾ ನಿಂತಿದ್ದೆ. ಸ್ವಲ್ಪ ದೂರದಲ್ಲಿ ಅವಳೂ ಬುತ್ತಿ ಹಿಡಿದು ನಿಂತಿದ್ದಳು. ಬಿಸಿಲು ಏರಿತು. ಕೊನೆಗೆ ಅವಳೇ ಬಂದು ಕೈ ಚಾಚಿದಳು. ಅವಳ ಮಣಿಕಟ್ಟಿನಲ್ಲಿ ನನ್ನ ಉಗುರಿನ ಗಾಯ ಇನ್ನೂ ಒಣಗಿರಲಿಲ್ಲ.

ಒಬ್ಬ ಕೈದಿಗೆ ಒಬ್ಬರ ಭೇಟಿ ಮಾತ್ರ. ಸರದಿ ಮಾಡಿಕೊಂಡೆವು. ಒಬ್ಬಳು ಒಳಗೆ, ಇನ್ನೊಬ್ಬಳು ಬಾಗಿಲ ಬಳಿಯ ಬೇವಿನ ಕೆಳಗೆ ಬೆಂದುಹೋಗುತ್ತಾ. "ಏನಂದ?" "ಏನೂ ಇಲ್ಲ." "ನನ್ನನ್ನ ಕೇಳಿದ್ನಾ?" "ಇಲ್ಲ." ನಾನು ಹೇಳಿದ್ದು ಸುಳ್ಳು, ಅವಳದ್ದೂ ಸುಳ್ಳೇ ಇರಬೇಕೆಂದು ಸಮಾಧಾನ. ಅಡುಗೆಯಲ್ಲೂ ಪೈಪೋಟಿ. ನಾನು ಮೆಂತ್ಯದ ಸೊಪ್ಪಿನ ಪಲ್ಯ ಒಯ್ದರೆ ಅವಳು ಹುರಿದ ಮೀನು. ಮಳೆಗಾಲ ಬಂದು ಹೋಯಿತು, ಇನ್ನೊಂದು ಬಂತು. ಯಾವಾಗಲೋ ಒಮ್ಮೆ ನಡುಸೇತುವೆಯಲ್ಲಿ ಅವಳು, "ನೀನಿಲ್ದೆ ಹೋದ್ರೆ ನಾನು ಸತ್ತೇ ಹೋಗ್ತಿದ್ದೆ ಅಂತಾನೆ ಅಕ್ಕಾ" ಅಂದಳು. ನಾನು ನಿಂತೆ. "ನಂಗೂ ಅದೇ ಅಂದ" ಅಂದೆ. ಅವಳು ಹೊಳೆಯ ಕಡೆ ನೋಡಿದಳು. ಕೈ ಮಾತ್ರ ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಅವಳ ತೋರುಬೆರಳಿನ ತುದಿ ಗಟ್ಟಿಯಾಗಿತ್ತು. ಅದು ನನ್ನ ಅಂಗೈಯಲ್ಲಿ ಎಲ್ಲಿ ಒತ್ತುತ್ತದೆಂದು ನನಗೆ ರೂಢಿಯಾಗಿತ್ತು. ಅವಳಿಗೆ ಜ್ವರ ಬಂದಿದ್ದರೆ ಹೇಳುವ ಮೊದಲೇ ನನಗೆ ತಿಳಿಯುತ್ತಿತ್ತು.

ಒಂದು ಭೇಟಿಯ ದಿನ ಜೈಲಿನ ಬಾಗಿಲಿನವನು ನಮ್ಮನ್ನು ಕಂಡು ತಲೆ ಕೆರೆದುಕೊಂಡ. "ಅವನನ್ನ ಮೊನ್ನೇನೇ ಬಿಟ್ರಲ್ಲಮ್ಮಾ, ನಡತೆ ಚೆನ್ನಾಗಿತ್ತು ಅಂತ. ನಿಮಗೆ ಹೇಳಿರಲಿಲ್ವಾ?" "ಯಾವ ಕಡೆ ಹೋದ?" "ದೊಡ್ಡ ರಸ್ತೆ ಹಿಡಿದು ಹೋದ. ಹಳದಿ ಸೀರೆಯೋಳು ಒಬ್ಬಳು ಬಂದಿದ್ಳು ಕರ್ಕೊಂಡು ಹೋಗೋಕೆ."

ಆ ರಸ್ತೆಯಲ್ಲಿ ಸೇತುವೆಯಿಲ್ಲ. ಅವನಿಗೆ ಇನ್ನು ಯಾರ ಕೈಯೂ ಬೇಕಿಲ್ಲ. ಬೇವಿನ ಕೆಳಗೆ ಕೂತೆವು. ಆ ಹಳದಿ ಸೀರೆಯನ್ನು ನೆನೆದು ಹೊಟ್ಟೆಯಲ್ಲಿ ಬೆಂಕಿ ಬೀಳಲಿ ಎಂದು ಕಾದೆ. ಬೀಳಲಿಲ್ಲ. ಹಸಿವು ಮಾತ್ರ ಇತ್ತು. ವನಮಾಲ ಬುತ್ತಿ ಬಿಚ್ಚಿದಳು. ಅವಳ ಮೀನನ್ನು ನಾನು ತಿಂದೆ, ನನ್ನ ಪಲ್ಯವನ್ನು ಅವಳು ತಿಂದಳು. "ಉಪ್ಪು ಕಮ್ಮಿ ಅಕ್ಕಾ. ಇಷ್ಟು ದಿನವೂ ಇದನ್ನೇ ತಿನ್ನಿಸಿದ್ರಾ ಅವನಿಗೆ?" ಅಂದಳು. ನಗು ಬಂತು. ನಕ್ಕಮೇಲೆ ಇಬ್ಬರಿಗೂ ಅಳು ಬಂತು. ಸಂಜೆಯ ಹೊತ್ತಿಗೆ ಸೇತುವೆ ದಾಟಿ, ಈಚೆ ಬಂದು ಕೈ ಬಿಟ್ಟು, ಅವಳು ಗಿರಣಿಯ ಕಡೆ ಹೋದಳು, ನಾನು ಮನೆಗೆ ಬಂದೆ.

ಅಲ್ಲಿಗೆ ನಮಗೆ ಜೊತೆಯಾಗಿ ದಾಟುವ ಕಾರಣ ಉಳಿಯಲಿಲ್ಲ. ಊರಿನವರು ನಿಧಾನವಾಗಿ ಎಲ್ಲ ಮರೆತರು, ನನ್ನನ್ನು ಮತ್ತೆ ಕರೆಯತೊಡಗಿದರು. ಒಂದು ಬೆಳಗ್ಗೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದೆ. ಸೇತುವೆಯ ಮೇಲಿಂದ ವನಮಾಲ ಬರುತ್ತಿದ್ದಳು. ಒಂದು ಕಂಕುಳಲ್ಲಿ ಬಟ್ಟೆಯ ಗಂಟು. ಇನ್ನೊಂದು ಕೈಯನ್ನು ಒಬ್ಬ ಗಂಡಸು ಹಿಡಿದಿದ್ದ. ಅವನೇನೋ ಹೇಳುತ್ತಿದ್ದ, ಅವಳು ತಲೆ ಬಗ್ಗಿಸಿ ನಗುತ್ತಿದ್ದಳು. ಆ ಗಟ್ಟಿ ಬೆರಳ ತುದಿ ಈಗ ಅವನ ಅಂಗೈಗೆ ಒತ್ತುತ್ತಿರಬೇಕು. ಬಾಯಲ್ಲಿದ್ದ ಎಲೆ ಕಹಿಯಾಯಿತು. ಟೂತ್‌ಪೇಸ್ಟ್ ಬಳಿದ ಕಾಲನ್ನು ಕಂಡ ದಿನವೂ ನನ್ನ ಹೊಟ್ಟೆ ಹಾಗೆ ಉರಿದಿರಲಿಲ್ಲ.

ಈಚೆ ಬಂದು ಕೈ ಬಿಟ್ಟ ಮೇಲೆ ಆ ಮನುಷ್ಯ ತನ್ನ ದಾರಿ ಹಿಡಿದ. ನಾನು ಎದ್ದುಹೋಗಿ ಅವಳ ಎದುರಿಗೆ ನಿಂತೆ. "ಯಾರವನು?"

"ಗುಂಡಿ ಮಾರೋನು. ಬಟ್ಟೆ ತರೋಕೆ ಹೋಗಿದ್ದೆ. ಜೊತೆ ಬೇಕಿತ್ತಲ್ಲ."

"ನಾನೇನು ಸತ್ತಿದ್ನಾ?"

ಕಟ್ಟೆಯ ಮೇಲಿನವರು ನಮ್ಮ ಕಡೆಯೇ ತಿರುಗಿದ್ದರು. "ಹೊಟ್ಟೆಕಿಚ್ಚಾ ಅಕ್ಕಾ?" ಎಂದು ಅವಳು ಎಲ್ಲರಿಗೂ ಕೇಳುವ ಹಾಗೇ ಕೇಳಿದಳು.

"ಹೂಂ" ಅಂದೆ.

ಅವಳು ಬಟ್ಟೆಯ ಗಂಟನ್ನು ತೆಗೆದು ನನ್ನ ಕಂಕುಳಿಗೆ ತುರುಕಿದಳು. "ಹಾಗಾದ್ರೆ ಹೊತ್ಕೊಂಡು ಬನ್ನಿ. ಭಾರ ಇದೆ" ಎಂದು ಗಿರಣಿಯ ಓಣಿಯ ಕಡೆ ನಡೆದಳು.